ಲಿವರ್‌ಪೂಲ್ ಕೂಲಿಯವರು ಸಾಯುತ್ತಿದ್ದ ಸರಾಸರಿ ವಯಸ್ಸು 15 ಅಂತೆ, ಇದು ನಿಜವಾ?

ಮರ್ಸಿ_ದಂಡೆಯವಳು (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ನಾನಿರುವುದು ಲಿವರ್‌ಪೂಲ್‌ನಲ್ಲಿ, ಆಸ್ಪತ್ರೆ ಕೆಲಸ. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕಿದ್ದರು. ಎಡ್ವಿನ್ ಚಾಡ್ವಿಕ್ ಅನ್ನುವವರು 1842ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯದ್ದು. ಲಿವರ್‌ಪೂಲ್‌ನಲ್ಲಿ ದೊಡ್ಡ ಮನೆತನದವರು ಸಾಯುವ ಸರಾಸರಿ ವಯಸ್ಸು 35, ವ್ಯಾಪಾರ ಮಾಡುವವರದ್ದು 22, ಕೂಲಿಯವರದ್ದು ಬರೀ 15! ಪಕ್ಕದಲ್ಲೇ ರಟ್ಲೆಂಡ್ ಅನ್ನುವ ಹಳ್ಳಿಗಾಡಿನ ಅಂಕಿ ಇತ್ತು. ಅಲ್ಲಿ ಕ್ರಮವಾಗಿ 52, 41, 38. ಅಂದರೆ ಹಳ್ಳಿಯ ಕೂಲಿಯವನು ಪಟ್ಟಣದ ಸಾಹುಕಾರನಿಗಿಂತ ಜಾಸ್ತಿ ಬದುಕುತ್ತಿದ್ದ.

ಅದರ ಕೆಳಗೆ ಒಬ್ಬರು "ಆಗ 15ಕ್ಕೇ ಮುದುಕರಾಗಿ ಸಾಯುತ್ತಿದ್ದರು" ಅಂತ ಬರೆದರು, ಹತ್ತಾರು ಜನ ಅಳುವ ಮುಖ ಒತ್ತಿದರು. ನನಗೆ ತಲೆಗೆ ಹತ್ತಲಿಲ್ಲ. ಎಲ್ಲರೂ 15ಕ್ಕೆ ಸತ್ತರೆ ಬಂದರಿನಲ್ಲಿ ಹತ್ತಿ ಮೂಟೆ ಇಳಿಸಿದವರು ಯಾರು? ಮಕ್ಕಳು ಹೆತ್ತವರು ಯಾರು?

ಇನ್ನೊಂದು ಪ್ರಶ್ನೆ. ಅಷ್ಟು ಜನ ಏನಾಗಿ ಸಾಯುತ್ತಿದ್ದರು, ಮತ್ತೆ ಅದು ಕಮ್ಮಿಯಾಗಿದ್ದು ಹೇಗೆ? ಕೆಲಸದ ಜಾಗದಲ್ಲಿ ಕೇಳಿದೆ. ಒಬ್ಬರು ಚರಂಡಿ ಅಂದರು, ಒಬ್ಬರು ಲಸಿಕೆ ಅಂದರು, ಒಬ್ಬ ಹುಡುಗ ಆಂಟಿಬಯೋಟಿಕ್ ಅಂದ. ಗೊತ್ತಿರುವವರು ಬಿಡಿಸಿ ಹೇಳಿ.

ಸುಮ್ನೆ_ಓದುಗ
ಆಂಟಿಬಯೋಟಿಕ್ ಅಂದ ಹುಡುಗನನ್ನು ಶಾಲೆಗೆ ವಾಪಸ್ ಕಳಿಸಿ. ನೀವು ಕೇಳಿದ್ದು ವಿಕ್ಟೋರಿಯಾ ರಾಣಿಯ ಕಾಲದ ಕಥೆ. ರಾಣಿ ಸತ್ತಿದ್ದು 1901, ಪೆನ್ಸಿಲಿನ್ ಜನರ ಕೈಗೆ ಬಂದಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ.

ಅಂಕಿಗಾರ
ಮೊದಲ ಪ್ರಶ್ನೆ ಸುಲಭ. ಸರಾಸರಿ ಅಂದರೆ ಏನು ಅಂತ ಮರೆತರೆ ಹೀಗೇ ಆಗುವುದು. ಹತ್ತು ಜನ ಸತ್ತರು ಅಂದುಕೊಳ್ಳಿ. ಎರಡು ಹಸುಗೂಸು (0, 0), ಒಂದು ವರ್ಷದ ಎರಡು, ಎರಡು ವರ್ಷದ್ದು ಒಂದು, ಮೂರು ವರ್ಷದ್ದು ಒಂದು. ಉಳಿದ ನಾಲ್ವರು 25, 35, 40, 43ಕ್ಕೆ ಹೋದರು. ಕೂಡಿಸಿ, 150. ಹತ್ತರಿಂದ ಭಾಗಿಸಿ, 15. ಇವರಲ್ಲಿ ಒಬ್ಬರಾದರೂ 15ಕ್ಕೆ ಸತ್ತರಾ? ಇಲ್ಲ. ಆ ವಯಸ್ಸು ಆಗಲೂ ಎಲ್ಲಕ್ಕಿಂತ ಗಟ್ಟಿ ವಯಸ್ಸೇ. ಆ 15 ಅನ್ನುವುದು ಕೂಲಿಯವನ ಆಯಸ್ಸಲ್ಲ, ಕೂಲಿಯವನ ಮಗುವಿನ ಕಥೆ.

ಇನ್ನೂ ಒಂದು ಮೋಸ ಇದೆ ಅದರಲ್ಲಿ. ಲಿವರ್‌ಪೂಲ್ ಆಗ ವೇಗವಾಗಿ ಬೆಳೆಯುತ್ತಿದ್ದ ಊರು. 1841ಕ್ಕೆ ಸುಮಾರು 2 ಲಕ್ಷ 86 ಸಾವಿರ ಜನ, 1851ಕ್ಕೆ 3 ಲಕ್ಷ 76 ಸಾವಿರ. ಬಂದವರೆಲ್ಲ ಚಿಕ್ಕ ವಯಸ್ಸಿನವರು, ಮನೆ ತುಂಬ ಮಕ್ಕಳು. ಊರಲ್ಲಿ ಮುದುಕರೇ ಕಡಿಮೆ ಇದ್ದರೆ ಸಾಯುವ ಮುದುಕರೂ ಕಡಿಮೆಯೇ ಇರುತ್ತಾರಲ್ಲ? ಹಾಗಾಗಿ ಸತ್ತವರ ಸರಾಸರಿ ವಯಸ್ಸು ಇನ್ನೂ ಕೆಳಗೆ ಇಳಿಯುತ್ತದೆ. ಇದನ್ನು ಆಗಲೇ, 1844ರಲ್ಲೇ, ನೈಸನ್ ಅನ್ನುವ ವಿಮಾ ಲೆಕ್ಕಿಗ ಎತ್ತಿ ತೋರಿಸಿದ್ದರು.

ಮರ್ಸಿ_ದಂಡೆಯವಳು
ಹಾಗಾದರೆ ಚಾಡ್ವಿಕ್ ಸುಳ್ಳು ಹೇಳಿದರು ಅಂತಲಾ?

ಅಂಕಿಗಾರ
ಸುಳ್ಳಲ್ಲ ಮೇಡಂ, ಗದ್ದಲ ಎಬ್ಬಿಸುವ ಅಂಕಿ ಆರಿಸಿಕೊಂಡರು. ಸರಿಯಾದ ಲೆಕ್ಕ ಬೇಕಿದ್ದರೆ ವಿಲಿಯಂ ಫಾರ್ ಅವರದ್ದು ನೋಡಿ. ಇಂಗ್ಲೆಂಡಿನಲ್ಲಿ ಹುಟ್ಟು ಸಾವಿನ ನೋಂದಣಿ ಶುರುವಾಗಿದ್ದು 1837ರ ಜುಲೈನಲ್ಲಿ, ಆ ಕಚೇರಿಯ ಅಂಕಿ ಅಂಶವನ್ನೆಲ್ಲ ದಶಕಗಟ್ಟಲೆ ನೋಡಿಕೊಂಡವರು ಇವರು. ಯಾವ ಯಾವ ವಯಸ್ಸಿನವರು ಎಷ್ಟು ಜನ ಇದ್ದಾರೆ, ಅವರಲ್ಲಿ ಎಷ್ಟು ಜನ ಸತ್ತರು ಅಂತ ಎರಡನ್ನೂ ಹಿಡಿದು ಆಯುಷ್ಯದ ಪಟ್ಟಿ ಮಾಡಿದರು. ಅದರ ಪ್ರಕಾರ 1840ರ ಆಸುಪಾಸಿನಲ್ಲಿ ಹುಟ್ಟಿದ ಮಗುವಿಗೆ ಸರ್ರೆಯಲ್ಲಿ 45 ವರ್ಷ, ಲಂಡನ್ನಿನಲ್ಲಿ 37, ಲಿವರ್‌ಪೂಲ್‌ನಲ್ಲಿ 26. ಇದು ಎಲ್ಲ ವರ್ಗದವರನ್ನೂ ಸೇರಿಸಿ. 26 ಸಾಕಲ್ವಾ ಭಯ ಬೀಳೋಕೆ?

ಹುಬ್ಬಳ್ಳಿ_ಹೈದ
26 ಅಂದ್ರೂ ಅದೇ ಕೂಸಿನ ಲೆಕ್ಕ ಸೇರಿದ್ದೇ ಅಲ್ವಾ ಅಣ್ಣ?

ಅಂಕಿಗಾರ
ಹೌದು, ಅದೂ ಕೂಸಿನದ್ದೇ. ಐದು ದಾಟಿದವರ ಮುಂದಿನ ದಾರಿ ಎಷ್ಟೋ ವಾಸಿ ಇತ್ತು.

ರಿಟೈರ್ಡ್_ಡಾಕ್ಟ್ರು
ಎರಡನೇ ಪ್ರಶ್ನೆಗೆ ಬರೋಣ. "ಏನಾಗಿ ಸತ್ತರು" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ, ದಯವಿಟ್ಟು ಕಾಲರಾ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಕಾಲರಾ 1832, 1849, 1854, 1866ರಲ್ಲಿ ಬಂತು, ಕೊಂದಿತು, ಹೋಯಿತು. ಎಲ್ಲರೂ ಹೆದರಿದ್ದು ಅದಕ್ಕೆ, ಪತ್ರಿಕೆ ತುಂಬ ಅದೇ. ಆದರೆ ಸದ್ದಿಲ್ಲದೆ ವರ್ಷ ವರ್ಷವೂ ಕೊಂದಿದ್ದು ಕ್ಷಯ. ಪ್ರಾಯದವರನ್ನು, ಮನೆ ನಡೆಸುವವರನ್ನು ಎತ್ತಿಕೊಂಡು ಹೋಗುತ್ತಿತ್ತು. ಮಕ್ಕಳಿಗೆ ದಡಾರ, ನಾಯಿಕೆಮ್ಮು, ಸ್ಕಾರ್ಲೆಟ್ ಜ್ವರ, ಗಂಟಲಮಾರಿ (ಡಿಫ್ತೀರಿಯಾ). ಕೂಸುಗಳಿಗೆ ಭೇದಿ. ವಯಸ್ಸಾದವರಿಗೆ ಎದೆ ಕಟ್ಟುವ ಕಾಯಿಲೆಗಳು. ಬಾಣಂತಿಯರಿಗೆ ಬಾಣಂತಿ ಜ್ವರ. ಇವು ಪ್ರತಿಯೊಂದೂ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕಾರಣಕ್ಕೆ ಇಳಿದವು. ಅದಕ್ಕೇ ನಿಮ್ಮ ಸಹೋದ್ಯೋಗಿಗಳು ಜಗಳ ಆಡಿದ್ದು.

ಕೊಳಾಯಿ_ಎಂಜಿನಿಯರ್
ಡಾಕ್ಟ್ರೇ ಒಪ್ಪುತ್ತೇನೆ, ಆದರೂ ಚರಂಡಿಯನ್ನು ಇಷ್ಟು ಬೇಗ ಬಿಟ್ಟುಕೊಡುವುದಿಲ್ಲ 🙂

ಆ ಊರಿನ ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೋರ್ಟ್ ಅಂತ ಕರೆಯುತ್ತಿದ್ದರು. ಬೀದಿಯಿಂದ ಒಂದು ಕಿರಿದಾದ ಓಣಿ, ಒಳಗೆ ಗಾಳಿ ಬೆಳಕಿಲ್ಲದ ಅಂಗಳ, ಎದುರು ಬದುರು ಬೆನ್ನಿಗೆ ಬೆನ್ನು ಅಂಟಿಸಿದ ಮನೆಗಳು. ಅಷ್ಟೂ ಮನೆಗೆ ಒಂದೋ ಎರಡೋ ಕಕ್ಕಸು ಗುಂಡಿ, ಒಂದು ನಲ್ಲಿ. ಆ ನಲ್ಲಿಯಲ್ಲೂ ನೀರು ದಿನಪೂರ್ತಿ ಬರುತ್ತಿರಲಿಲ್ಲ. ಇದಕ್ಕೂ ಗತಿ ಇಲ್ಲದವರು ನೆಲಮಾಳಿಗೆಯಲ್ಲಿ ಇದ್ದರು, 20 ಸಾವಿರಕ್ಕೂ ಜಾಸ್ತಿ ಜನ. ಮೇಲಿನ ಗುಂಡಿ ತುಂಬಿದರೆ ಜಿನುಗುವುದು ಇವರ ಗೋಡೆಯಲ್ಲಿ.

ಇದನ್ನು ಸರಿ ಮಾಡಲು ಲಿವರ್‌ಪೂಲ್ ನಗರಸಭೆಯವರು 1846ರಲ್ಲಿ ಊರಿಗೇ ಪ್ರತ್ಯೇಕವಾಗಿ ನೈರ್ಮಲ್ಯದ ಕಾಯ್ದೆ ಮಾಡಿಸಿಕೊಂಡರು. 1847ರಲ್ಲಿ ಮೂವರನ್ನು ಕೆಲಸಕ್ಕೆ ಹಾಕಿದರು. ಆರೋಗ್ಯಾಧಿಕಾರಿ ಡಾ. ವಿಲಿಯಂ ಹೆನ್ರಿ ಡಂಕನ್, ದೇಶದಲ್ಲಿ ಆ ಹುದ್ದೆಗೆ ಅವರೇ ಮೊದಲಿಗರು. ಎಂಜಿನಿಯರ್ ಜೇಮ್ಸ್ ನ್ಯೂಲೆಂಡ್ಸ್. ಗಲೀಜು ಹುಡುಕಿ ನೋಟಿಸ್ ಕೊಡೋಕೆ ಥಾಮಸ್ ಫ್ರೆಶ್ (ಹೆಸರೇ ಹಾಗೆ, ನಾನು ಕಟ್ಟಿದ್ದಲ್ಲ). ನ್ಯೂಲೆಂಡ್ಸ್ ಇಡೀ ಊರನ್ನು ಅಳೆದು ನಕ್ಷೆ ಮಾಡಿ, 1848ರಿಂದಲೇ ಒಂದಕ್ಕೊಂದು ಸೇರುವ ಒಳಚರಂಡಿ ಹಾಕತೊಡಗಿದರು. ಲಂಡನ್ನಿನ ಒಳಚರಂಡಿ ಕಟ್ಟಿಸಿದ ಎಂಜಿನಿಯರ್ ಬೇಝಲ್ಜೆಟ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಕೆಲಸ ಶುರುವಾಗಿದ್ದು 1858ರ ಬೇಸಿಗೆಯಲ್ಲಿ ಥೇಮ್ಸ್ ನಾತ ತಡೆಯಲಾರದೆ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಂಡ ಮೇಲೆ. ನ್ಯೂಲೆಂಡ್ಸ್ ಅವರನ್ನು ಯಾರೂ ನೆನೆಯುವುದಿಲ್ಲ, ಎಂಜಿನಿಯರ್ ಹಣೆಬರಹ.

ಮರ್ಸಿ_ದಂಡೆಯವಳು
ಡಂಕನ್ ಹೆಸರಲ್ಲಿ ಇಲ್ಲಿ ಒಂದು ಪಬ್ ಇದೆ ಸಾರ್! ಸೇಂಟ್ ಜಾನ್ಸ್ ಲೇನ್‌ನಲ್ಲಿ. ಆರೋಗ್ಯಾಧಿಕಾರಿಗೆ ಇದಕ್ಕಿಂತ ದೊಡ್ಡ ಗೌರವ ಏನು ಬೇಕು. ಮತ್ತೆ ಲಿವರ್‌ಪೂಲ್ ಮ್ಯೂಸಿಯಂನಲ್ಲಿ ಆ ಕೋರ್ಟ್ ಮನೆಯನ್ನು ಹಾಗೇ ಕಟ್ಟಿಟ್ಟಿದ್ದಾರೆ. ಒಳಗೆ ಹೋದರೆ ಉಸಿರು ಕಟ್ಟುತ್ತದೆ.

ಸುಮ್ನೆ_ಓದುಗ
ಪಬ್ಬಿನ ವಿಳಾಸ ಬರೆದುಕೊಂಡೆ. ಉಳಿದಿದ್ದು ಆಮೇಲೆ ಓದುತ್ತೇನೆ.

ಅಜ್ಜಿಮನೆ_ಮಾಲತಿ
1847 ಅಂದರೆ ಐರ್ಲೆಂಡಿನ ಬರ ಅಲ್ವಾ? ಆಲೂಗಡ್ಡೆ ಕೊಳೆತಿದ್ದು?

ರಿಟೈರ್ಡ್_ಡಾಕ್ಟ್ರು
ಅದೇ. ಪಾಪ, ಡಂಕನ್ ಕೆಲಸಕ್ಕೆ ಸೇರಿದ್ದು ಅದೇ ವರ್ಷದ ಜನವರಿ 1ಕ್ಕೆ. ಆ ಒಂದು ವರ್ಷದಲ್ಲಿ ಸುಮಾರು 3 ಲಕ್ಷ ಐರಿಷ್ ಜನ ಆ ಬಂದರಿಗೆ ಬಂದಿಳಿದರು. ಎಷ್ಟೋ ಜನ ಅಮೆರಿಕಕ್ಕೆ ಹೋದರು, ಟಿಕೆಟ್‌ಗೆ ದುಡ್ಡಿಲ್ಲದವರು ಅದೇ ನೆಲಮಾಳಿಗೆಗಳಿಗೆ ತುಂಬಿಕೊಂಡರು. ಟೈಫಸ್ ಹಬ್ಬಿತು. ಸಾವಿರಗಟ್ಟಲೆ ಸತ್ತರು. ರೋಗಿಗಳನ್ನು ನೋಡೋಕೆ ಹೋದ ಕ್ಯಾಥೊಲಿಕ್ ಪಾದ್ರಿಗಳಲ್ಲಿ 10 ಜನ ಅದೇ ಜ್ವರಕ್ಕೆ ಹೋದರು. ಅದನ್ನು ಊರವರು "ಐರಿಷ್ ಜ್ವರ" ಅಂತಲೇ ಕರೆದರು. ರೋಗಕ್ಕೆ ಬಂದವರ ಹೆಸರಿಡುವ ಬುದ್ಧಿ ಆಗಲೂ ಇತ್ತು.

ಮಲೆನಾಡ_ಮಾಣಿ
ಟೈಫಸ್ ಕೂಡ ಕೆಟ್ಟ ನೀರಿನಿಂದಲೇ ತಾನೇ ಬರೋದು? ಹಾಗಾದರೆ ಚರಂಡಿಯವರು ಗೆದ್ದ ಹಾಗೆ.

ರಿಟೈರ್ಡ್_ಡಾಕ್ಟ್ರು
ಅಲ್ಲ ಮಾಣಿ. ನೀರಿನಿಂದ ಬರುವುದು ಟೈಫಾಯ್ಡ್, ನಮ್ಮ ವಿಷಮಶೀತ ಜ್ವರ. ಟೈಫಸ್ ಹರಡುವುದು ಬಟ್ಟೆಯಲ್ಲಿರುವ ಹೇನಿನಿಂದ. ಎರಡೂ ಬೇರೆ ಬೇರೆ ಅಂತ ವಿಲಿಯಂ ಜೆನ್ನರ್ 1849ರ ಸುಮಾರಿಗೆ ತೋರಿಸಿಕೊಟ್ಟರು (ಸಿಡುಬಿನ ಜೆನ್ನರ್ ಬೇರೆ). ಹೇನಿನ ಪಾತ್ರ ಗೊತ್ತಾಗಿದ್ದು 1909ರಲ್ಲಿ. ವಿಕ್ಟೋರಿಯಾ ಗಂಡ ಆಲ್ಬರ್ಟ್ 1861ರಲ್ಲಿ ಸತ್ತಾಗ ಡಾಕ್ಟರುಗಳು ಹೇಳಿದ್ದು ಟೈಫಾಯ್ಡ್ ಅಂತ. ಅರಮನೆಯ ನೀರನ್ನೂ ನಂಬುವ ಹಾಗಿರಲಿಲ್ಲ ಆಗ.

ಅಜ್ಜಿಮನೆ_ಮಾಲತಿ
ಹೇನು ಅಂದರೆ ಬಟ್ಟೆ ಒಗೆದರೆ, ಕುದಿಸಿದರೆ ಹೋಗುತ್ತದೆ. ಇಲ್ಲಿ ಕಿಟ್ಟಿ ವಿಲ್ಕಿನ್ಸನ್ ಹೆಸರು ಬರಲೇಬೇಕು, ಯಾರೂ ಎತ್ತಲಿಲ್ಲ, ಎಲ್ಲ ಗಂಡಸರ ಹೆಸರೇ. ಐರ್ಲೆಂಡಿನಿಂದ ಬಂದ ಬಡ ಹೆಂಗಸು ಆಕೆ. 1832ರಲ್ಲಿ ಕಾಲರಾ ಬಂದಾಗ ಆ ಬೀದಿಯಲ್ಲಿ ನೀರು ಕಾಯಿಸುವ ಹಂಡೆ ಇದ್ದಿದ್ದು ಅವಳ ಅಡುಗೆಮನೆಯಲ್ಲಿ ಮಾತ್ರ. ಅಕ್ಕಪಕ್ಕದವರು ಬಂದು ರೋಗಿಗಳ ಬಟ್ಟೆ ಹಾಸಿಗೆ ಒಗೆದುಕೊಂಡು ಹೋಗಲಿ ಅಂತ ಬಿಟ್ಟಳು. ವಾರಕ್ಕೆ ಒಂದು ಪೆನ್ನಿ. ಅದೇ ಬೆಳೆದು 1842ರಲ್ಲಿ ಫ್ರೆಡೆರಿಕ್ ಸ್ಟ್ರೀಟಿನಲ್ಲಿ ಊರಿನ ಮೊದಲ ಸಾರ್ವಜನಿಕ ಬಟ್ಟೆ ಒಗೆಯುವ ಮನೆಯಾಯಿತು. ಸೇಂಟ್ ಜಾರ್ಜ್ ಹಾಲ್‌ನಲ್ಲಿ ಪ್ರತಿಮೆಗಳೆಲ್ಲ ಗಂಡಸರದ್ದೇ ಇತ್ತು, 2012ರಲ್ಲಿ ಕೊನೆಗೂ ಇವಳದ್ದು ಇಟ್ಟರು.

ಕೊಳಾಯಿ_ಎಂಜಿನಿಯರ್
ಮೇಡಂ ಆ ಹಂಡೆಗೂ ನೀರು ಬೇಕಲ್ಲ! 1857ರಲ್ಲಿ ರಿವಿಂಗ್ಟನ್ ಕೆರೆಗಳಿಂದ ನೀರು ಬಂತು. ಅದೂ ಸಾಲದೆ 1880ರ ದಶಕದಲ್ಲಿ ವೇಲ್ಸ್ ಬೆಟ್ಟಗಳಲ್ಲಿ ವಿರ್ನ್ವಿ ಅಣೆಕಟ್ಟು ಕಟ್ಟಿದರು. ಲಾನ್‌ವದಿನ್ ಅನ್ನುವ ಊರೇ ಮುಳುಗಿತು, ಗೋರಿಗಳನ್ನೂ ಕಿತ್ತು ಬೇರೆ ಕಡೆ ಹೂಳಿದರು. ಪಟ್ಟಣದ ಮಕ್ಕಳು ಬದುಕೋಕೆ ಬೇರೆ ಯಾರದ್ದೋ ಊರು ಹೋಯಿತು. ಶರಾವತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಲೆನಾಡ_ಮಾಣಿ
ಲಿಂಗನಮಕ್ಕಿ ವಿಷಯ ಎತ್ತಬೇಡಿ ಸಾರ್, ಬೇರೆ ಚರ್ಚೆಯೇ ಆಗುತ್ತದೆ. ನಮ್ಮ ಮನೆಯಲ್ಲಿ ಇವತ್ತಿಗೂ ಆ ಮಾತು ಬಂದರೆ ಊಟ ಅರ್ಧಕ್ಕೇ ನಿಲ್ಲುತ್ತದೆ.

ಪಂಪ್_ಹಿಡಿ
ಡಾಕ್ಟರ್ ಜಾನ್ ಸ್ನೋ ಹೆಸರು ಇಲ್ಲದೆ ಇಷ್ಟು ದೂರ ಬಂದಿರಾ! 1854, ಲಂಡನ್, ಬ್ರಾಡ್ ಸ್ಟ್ರೀಟ್. ಒಂದು ಕೈಪಂಪಿನ ನೀರು ಕುಡಿದು 616 ಜನ ಕಾಲರಾದಲ್ಲಿ ಸತ್ತರು. ಸ್ನೋ ಮನೆ ಮನೆಗೆ ಹೋಗಿ ಕೇಳಿ, ಪಂಪಿನ ಹಿಡಿ ತೆಗೆಸಿದರು, ಕಾಲರಾ ನಿಂತಿತು. ಆ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಏನೂ ಆಗಲಿಲ್ಲ. ಅವರು ಆ ಪಂಪಿನ ನೀರು ಮುಟ್ಟುತ್ತಿರಲಿಲ್ಲ, ಬಿಯರ್ ಪುಕ್ಕಟೆ ಸಿಗುತ್ತಿತ್ತಲ್ಲ.

ಸುಮ್ನೆ_ಓದುಗ
ಬಿಯರ್ ಕುಡಿದವರು ಬದುಕಿದರು. ಮನೆಯಲ್ಲಿ ತೋರಿಸೋಕೆ ಸಾಕ್ಷಿ ಸಿಕ್ಕಿತು.

ಅಂಕಿಗಾರ
"ಹಿಡಿ ತೆಗೆಸಿದರು, ಕಾಲರಾ ನಿಂತಿತು" ಅನ್ನುವುದು ಸಿನಿಮಾ ಕಥೆ. ಸೆಪ್ಟೆಂಬರ್ 8ಕ್ಕೆ ಹಿಡಿ ತೆಗೆದಾಗ ಸಾವು ಆಗಲೇ ಇಳಿಮುಖವಾಗಿತ್ತು, ಸ್ನೋ ಅವರೇ ಅದನ್ನು ಬರೆದಿದ್ದಾರೆ. ಜನ ಊರು ಬಿಟ್ಟು ಓಡಿದ್ದರು. ಅವರ ಮಾತನ್ನು ಆಗ ಬಹಳ ಜನ ಒಪ್ಪಲೂ ಇಲ್ಲ. ಫಾರ್ ಅವರೇ ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅನ್ನುವ ಪಕ್ಷ. ತಗ್ಗಿನ ಜಾಗದಲ್ಲಿ ಕಾಲರಾ ಜಾಸ್ತಿ, ಎತ್ತರದಲ್ಲಿ ಕಡಿಮೆ ಅಂತ ಅಂಕಿಯ ಸಮೇತ ತೋರಿಸಿದ್ದರು. ಅಂಕಿ ಸರಿಯೇ ಇತ್ತು, ಕಾರಣ ಬೇರೆ ಇತ್ತು. ತಗ್ಗಿನವರು ಕುಡಿಯುತ್ತಿದ್ದುದು ಥೇಮ್ಸ್‌ನ ಕೊಳಕು ನೀರು.

ಫಾರ್ ಮನಸ್ಸು ಬದಲಾಯಿಸಿದ್ದು 1866ರಲ್ಲಿ ಎದ್ದು ಕಾಣುತ್ತದೆ. ಆಗ ಕಾಲರಾ ಹೊಡೆದಿದ್ದು ಲಂಡನ್ನಿನ ಪೂರ್ವ ಭಾಗಕ್ಕೆ, ಬೇಝಲ್ಜೆಟ್ ಚರಂಡಿ ಇನ್ನೂ ಪೂರ್ತಿಯಾಗದ ಕಡೆ. ಫಾರ್ ಸೀದಾ ನೀರಿನ ಕಂಪನಿಯ ಕಡೆ ಬೆರಳು ಮಾಡಿದರು. ಕಂಪನಿಯವರು ನಾವು ಸೋಸಿದ ನೀರನ್ನೇ ಬಿಡುತ್ತೇವೆ ಅಂದರು. ಜನರು ನಮ್ಮ ನಲ್ಲಿ ಪೈಪಿನಲ್ಲಿ ಹಾವುಮೀನು ಬಂದಿದೆ ಅಂದರು! ಸೋಸಿದ ನೀರಲ್ಲಿ ಹಾವುಮೀನು ಎಲ್ಲಿಂದ ಬರಬೇಕು?

ಹುಬ್ಬಳ್ಳಿ_ಹೈದ
ಡಂಕನ್ ಯಾವ ಪಕ್ಷ? ಗಾಳಿಯಾ ನೀರಾ?

ಅಂಕಿಗಾರ
ಗಾಳಿ. ಕೋರ್ಟ್ ಮನೆಗಳಲ್ಲಿ ಜನ ಉಸಿರಾಡಿ ಉಸಿರಾಡಿ ಗಾಳಿ ಹೇಗೆ ಕೆಡುತ್ತದೆ ಅಂತ ಲೆಕ್ಕ ಹಾಕಿದವರು. ಆದರೆ ನಾತ ಬರುವುದನ್ನೆಲ್ಲ ತೆಗೆಸಿದ್ದರಿಂದ ರೋಗಾಣುವೂ ಜೊತೆಗೆ ಹೋಯಿತು. ತಪ್ಪು ನಕ್ಷೆ ಹಿಡಿದು ಸರಿಯಾದ ಊರು ಸೇರಿದ ಹಾಗೆ.

ಬಸವನಗುಡಿ_ಬಾಬು
1832ರಲ್ಲಿ ಲಿವರ್‌ಪೂಲ್‌ನಲ್ಲಿ ಡಾಕ್ಟರುಗಳ ಮೇಲೇ ಗಲಾಟೆ ಆಗಿತ್ತು ಅಂತ ಓದಿದ ನೆನಪು. ಹೌದಾ?

ರಿಟೈರ್ಡ್_ಡಾಕ್ಟ್ರು
ಹೌದು, ಮೇ ಜೂನ್‌ನಲ್ಲಿ ಹಲವು ಸಲ. ಕಾಲರಾ ಅನ್ನುವುದೆಲ್ಲ ನೆಪ, ಆಸ್ಪತ್ರೆಗೆ ಒಯ್ದು ಕೊಂದು ಹೆಣ ಕೊಯ್ಯುತ್ತಾರೆ ಅಂತ ಜನ ನಂಬಿದ್ದರು. ಸುಮ್ಮನೆ ಹುಟ್ಟಿದ ಅನುಮಾನ ಅಲ್ಲ. ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಜನರನ್ನು ಕೊಂದು ಅಂಗರಚನೆ ಕಲಿಸುವವರಿಗೆ ಹೆಣ ಮಾರಿದ್ದು 1828ರಲ್ಲಿ, ನಾಲ್ಕೇ ವರ್ಷ ಹಿಂದೆ.

ಬಸವನಗುಡಿ_ಬಾಬು
ನಮ್ಮ ಕಡೆ ಪ್ಲೇಗ್ ಬಂದಾಗಲೂ ಇದೇ ಆಗಿತ್ತಲ್ಲ. ಪುಣೆಯಲ್ಲಿ ಮನೆ ಮನೆ ನುಗ್ಗಿ ಹುಡುಕಿದರು ಅನ್ನುವ ಸಿಟ್ಟಿಗೆ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯೇ ಆಯಿತು. ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898, ಅದೂ ವಿಕ್ಟೋರಿಯಾ ಕಾಲವೇ. ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದಲ್ಲಿ ಅಗಲ ರಸ್ತೆ, ಗಾಳಿ ಬೆಳಕಿನ ಮನೆ ಅಂತ ಬಡಾವಣೆ ಬೆಳೆದದ್ದು ಅದರ ಬಿಸಿಯಲ್ಲೇ. ನಮ್ಮ ಬೀದಿಯ ಅಗಲ ನೋಡಿದರೆ ಡಂಕನ್ ಖುಷಿಪಡುತ್ತಿದ್ದರು. ಈಗ ಎರಡೂ ಕಡೆ ಕಾರು ನಿಲ್ಲಿಸಿ ಅದೇ ಓಣಿ ಮಾಡಿದ್ದೇವೆ, ಅದು ಬೇರೆ ಮಾತು.

ಮರ್ಸಿ_ದಂಡೆಯವಳು
ವಿಷಯಕ್ಕೆ ಬನ್ನಿ ಬಾಬಣ್ಣ 🙂 ಹಾಗಾದರೆ 1870ರ ಹೊತ್ತಿಗೆ ನೀರು ಚರಂಡಿ ಎಲ್ಲ ಆಯಿತು, ಕಾಲರಾ ಹೋಯಿತು, ಟೈಫಸ್ ಹೋಯಿತು. ಅಲ್ಲಿಗೆ ಕಥೆ ಸುಖಾಂತ್ಯವಾ?

ಅಂಕಿಗಾರ
ಇಲ್ಲ, ಅಸಲು ತಮಾಷೆ ಇಲ್ಲೇ ಇರುವುದು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಒಂದು ವರ್ಷದ ಒಳಗೆ ಸಾಯುವ ಕೂಸುಗಳು ಸಾವಿರಕ್ಕೆ ಸುಮಾರು 150. 1840ರಲ್ಲೂ ಅಷ್ಟೇ, 1870ರಲ್ಲೂ ಅಷ್ಟೇ, 1890ರ ದಶಕದಲ್ಲಿ ಇನ್ನೂ ಸ್ವಲ್ಪ ಏರಿತು. ದೊಡ್ಡ ಪಟ್ಟಣಗಳಲ್ಲಿ ಅದಕ್ಕಿಂತ ಜಾಸ್ತಿ. ರೈಲು ಬಂತು, ಟೆಲಿಗ್ರಾಫ್ ಬಂತು, ಅಣೆಕಟ್ಟು ಬಂತು, ಶಾಲೆ ಬಂತು. ಹಸುಗೂಸು ಮಾತ್ರ ಅಜ್ಜನ ಕಾಲದಲ್ಲಿ ಸತ್ತಷ್ಟೇ ಸಾಯುತ್ತಿತ್ತು.

ಕೊಳಾಯಿ_ಎಂಜಿನಿಯರ್
ಚರಂಡಿ ಹಾಕಿದರೂ ಎಲ್ಲ ಮನೆಗೂ ನೀರಿನ ಕಕ್ಕಸು ಆಗಿರಲಿಲ್ಲ. ಎಷ್ಟೋ ಊರುಗಳಲ್ಲಿ ಶತಮಾನದ ಕೊನೆವರೆಗೂ ಗುಂಡಿ ಕಕ್ಕಸೇ. ಬೀದಿ ತುಂಬ ಕುದುರೆ ಲದ್ದಿ. ಎರಡರ ಮೇಲೂ ನೊಣ. ಆ ನೊಣ ಸೀದಾ ಮಗುವಿನ ಹಾಲಿಗೆ. 1890ರ ದಶಕದಲ್ಲಿ ಬಿಸಿ ಬೇಸಿಗೆಗಳು ಬಂದವು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಕೂಸುಗಳಿಗೆ ಭೇದಿ ಶುರುವಾದರೆ ಎರಡು ಮೂರು ದಿನದಲ್ಲಿ ಮುಗಿಯಿತು.

ಅಜ್ಜಿಮನೆ_ಮಾಲತಿ
ಹಾಲಿನ ಬಾಟಲಿ ಬಗ್ಗೆ ಹೇಳಿ. ಉದ್ದ ರಬ್ಬರ್ ಕೊಳವೆ ಇರುವ ಬಾಟಲಿ ಬಂದಿತ್ತು ಆಗ. ಮಗು ಮಲಗಿದ್ದ ಹಾಗೇ ತಾನೇ ಚೀಪಿಕೊಳ್ಳಲಿ ಅಂತ. ಆ ಕೊಳವೆಯ ಒಳಗೆ ತೊಳೆಯೋಕೆ ಆಗುತ್ತಿರಲಿಲ್ಲ. ಕೊಲೆ ಬಾಟಲಿ ಅಂತಲೇ ಹೆಸರು ಬಿತ್ತು. ಎದೆಹಾಲು ಬಿಡಿಸಿ ಡಬ್ಬಿಯ ಗಟ್ಟಿಹಾಲು ಕೊಡುತ್ತಿದ್ದರು, ಅಗ್ಗದ್ದರಲ್ಲಿ ಕೊಬ್ಬೇ ಇರುತ್ತಿರಲಿಲ್ಲ. ಅತ್ತರೆ ಗಾಡ್‌ಫ್ರೀಸ್ ಕಾರ್ಡಿಯಲ್, ಅದರಲ್ಲಿ ಅಫೀಮು. ಹಾಗಂತ ತಾಯಂದಿರನ್ನು ಬೈಯಬೇಡಿ. ಕೆಲಸಕ್ಕೆ ಹೋಗದಿದ್ದರೆ ಬಾಡಿಗೆ ಕಟ್ಟೋರು ಯಾರು?

ನಮ್ಮಲ್ಲೆಲ್ಲರ ಮನೆಯಲ್ಲೂ ಇದ್ದ ವುಡ್‌ವರ್ಡ್ಸ್ ಗ್ರೈಪ್ ವಾಟರ್ ಕೂಡ ಆ ಕಾಲದ್ದೇ, ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ 1851ರಲ್ಲಿ ಮಾಡಿದ್ದು. ಅದರಲ್ಲಿ ಅಫೀಮು ಇರಲಿಲ್ಲ ಮತ್ತೆ, ಹೆದರಬೇಡಿ.

ಹುಬ್ಬಳ್ಳಿ_ಹೈದ
ನಾನು ಅದನ್ನು ಕುಡಿದೇ ಬೆಳೆದವನು. ಈಗ ಇಂಗ್ಲಿಷರ ಮೇಲೆ ಸ್ವಲ್ಪ ಪ್ರೀತಿ ಬಂತು.

ದಾಖಲೆ_ಹುಳು
ಕಾರಣಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಸಾವಿನ ದಾಖಲೆಗಳಲ್ಲಿ "ಹಲ್ಲು ಹುಟ್ಟುವಿಕೆ", "ಸೆಳವು", "ನಿತ್ರಾಣ", "ದೇವರ ಕರೆ" ಅಂತೆಲ್ಲ ಬರೆದಿರುತ್ತಾರೆ. ಡಾಕ್ಟರ ಸರ್ಟಿಫಿಕೇಟ್ ಇರಲೇಬೇಕು ಅನ್ನುವ ಕಟ್ಟುನಿಟ್ಟು ಬಂದಿದ್ದು 1874ರ ಕಾಯ್ದೆಯಿಂದ. ಅದಕ್ಕೂ ಮುಂಚೆ ಮನೆಯವರು ಹೇಳಿದ್ದೇ ಕಾರಣ ಆಗುತ್ತಿತ್ತು ಎಷ್ಟೋ ಸಲ. ಕೋಷ್ಟಕದಲ್ಲಿ "ಹಲ್ಲು" ಅಂತ ಸತ್ತ ಮಗು ನಿಜವಾಗಿ ಭೇದಿಗೋ ದಡಾರಕ್ಕೋ ಸತ್ತಿರಬಹುದು. ಹಾಗಾಗಿ ಒಂದು ಕಾಯಿಲೆ ಇಳಿದು ಇನ್ನೊಂದು ಏರಿತು ಅಂತ ಕಂಡರೆ, ರೋಗ ಬದಲಾಯಿತಾ ಬರೆಯುವ ರೀತಿ ಬದಲಾಯಿತಾ ಅಂತ ಮೊದಲು ನೋಡಿ.

ಅಜ್ಜಿಮನೆ_ಮಾಲತಿ
ಅಯ್ಯೋ, ನಮ್ಮ ಅಜ್ಜಿಯೂ ಇದೇ ಹೇಳುತ್ತಿದ್ದರು! "ನಿನ್ನ ದೊಡ್ಡಮಾವ ಹಲ್ಲು ಬರುವಾಗ ಹೋಯ್ತು" ಅಂತ. ಹಲ್ಲು ಬರುವ ವಯಸ್ಸು, ಮೇಲಿನ ಊಟ ಶುರು ಮಾಡುವ ವಯಸ್ಸು, ನೆಲದ ಮೇಲಿನದ್ದೆಲ್ಲ ಬಾಯಿಗೆ ಹಾಕುವ ವಯಸ್ಸು, ಮೂರೂ ಒಂದೇ. ಹಲ್ಲಿನ ಮೇಲೆ ಗೂಬೆ ಕೂತಿತು.

ಪಂಪ್_ಹಿಡಿ
ಸರಿ, ಕ್ಷಯ ಹೇಗೆ ಇಳಿಯಿತು? ಅದಕ್ಕೆ ನೀರು ಚರಂಡಿ ಸಂಬಂಧ ಇಲ್ಲವಲ್ಲ.

ರಿಟೈರ್ಡ್_ಡಾಕ್ಟ್ರು
ಈ ಪ್ರಶ್ನೆಗೆ ಪ್ರೊಫೆಸರುಗಳೇ ಇನ್ನೂ ಕಿತ್ತಾಡುತ್ತಿದ್ದಾರೆ. ಜರ್ಮನಿಯ ವಿಜ್ಞಾನಿ ಕೋಖ್ ಕ್ಷಯದ ರೋಗಾಣು ಕಂಡುಹಿಡಿದಿದ್ದು 1882. ಅದಕ್ಕೆ ಔಷಧಿ, ಸ್ಟ್ರೆಪ್ಟೋಮೈಸಿನ್, ಬಂದಿದ್ದು 1940ರ ದಶಕ. ಆದರೆ ಕ್ಷಯದ ಸಾವು 19ನೇ ಶತಮಾನದ ನಡುವಿನಿಂದಲೇ ಇಳಿಯತೊಡಗಿ, ರಾಣಿ ಸಾಯುವ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಔಷಧಿಯೇ ಇಲ್ಲದೆ! ಥಾಮಸ್ ಮೆಕ್ಯೂನ್ ಅನ್ನುವ ಪಂಡಿತರು ಇದನ್ನೇ ಹಿಡಿದು, ಡಾಕ್ಟರಿಂದಲೂ ಅಲ್ಲ, ಚರಂಡಿಯಿಂದ ಸ್ವಲ್ಪವೇ, ಮುಖ್ಯ ಕಾರಣ ಒಳ್ಳೆಯ ಊಟ ಅಂದರು. ಅಮೆರಿಕದ ಗೋಧಿ ಅಗ್ಗವಾಗಿ ಬಂತು, 1880ರಿಂದ ಆಸ್ಟ್ರೇಲಿಯಾದ ಶೈತ್ಯ ಮಾಂಸ ಬಂತು, ಕೂಲಿಯ ಬೆಲೆ ಏರಿತು.

ಕೊಳಾಯಿ_ಎಂಜಿನಿಯರ್
ಇತಿಹಾಸಕಾರ ಸೈಮನ್ ಸ್ರೆಟರ್ 1988ರಲ್ಲಿ ಮೆಕ್ಯೂನ್‌ಗೆ ಚೆನ್ನಾಗಿ ಉತ್ತರ ಕೊಟ್ಟರು, ಅದನ್ನೂ ಹೇಳಿ. ಊಟ ತಾನಾಗೇ ಯಾರನ್ನೂ ಉಳಿಸಲಿಲ್ಲ. ನಗರಸಭೆಗಳು ಸಾಲ ತಂದು, ತೆರಿಗೆ ಹಾಕಿ, ಜಗಳ ಆಡಿ, ನೀರು, ವಸತಿ, ಹಾಲು ಸುಧಾರಿಸಿದ್ದರಿಂದ ಜನ ಬದುಕಿದರು. ಭೇದಿ ಹಿಡಿದ ಹೊಟ್ಟೆಗೆ ಎಷ್ಟು ಗೋಧಿ ಹಾಕಿದರೂ ಮೈಗೆ ಹತ್ತುವುದಿಲ್ಲ. ಲಿವರ್‌ಪೂಲ್ ನಗರಸಭೆ 1869ರಲ್ಲೇ ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಅಂತ ಬಡವರಿಗೆ ಬಾಡಿಗೆ ಮನೆ ಕಟ್ಟಿತು.

ಮಲೆನಾಡ_ಮಾಣಿ
ಹೆಸರಿಗೆ ಕಾಟೇಜ್, ಇದ್ದದ್ದು ಮಹಡಿ ಮನೆ, ಮತ್ತೆ ಅದರ ಬಾಡಿಗೆ ಕೊಡೋ ಶಕ್ತಿ ನೆಲಮಾಳಿಗೆಯವರಿಗೆ ಎಲ್ಲಿತ್ತು? ನಗರಸಭೆಯನ್ನು ಅಷ್ಟೊಂದು ಹೊಗಳಬೇಡಿ.

ಪಂಪ್_ಹಿಡಿ
ಲಸಿಕೆಗೆ ಏನೂ ಪಾಲಿಲ್ಲವಾ ಹಾಗಾದರೆ?

ರಿಟೈರ್ಡ್_ಡಾಕ್ಟ್ರು
ಸಿಡುಬಿಗೆ ಇದೆ, ಪೂರ್ತಿ ಇದೆ. 1853ರಲ್ಲಿ ಕೂಸುಗಳಿಗೆ ಕಡ್ಡಾಯ ಮಾಡಿದರು, ಆದರೂ 1871-72ರಲ್ಲಿ ದೊಡ್ಡ ಅಲೆ ಬಂತು, ಆಮೇಲೆ ಇಳಿಯಿತು. ವಿರೋಧವೂ ಜೋರಿತ್ತು, 1885ರಲ್ಲಿ ಲೆಸ್ಟರ್‌ನಲ್ಲಿ ದೊಡ್ಡ ಮೆರವಣಿಗೆಯೇ ನಡೆಯಿತು. ಗಂಟಲಮಾರಿಗೆ 1890ರ ದಶಕದ ನಡುವೆ ಸೀರಂ ಬಂತು, ಅದು ಕೆಲಸ ಮಾಡಿತು. ಬಾಕಿ ಕಾಯಿಲೆಗಳಿಗೆ ಆಗ ಡಾಕ್ಟರ ಹತ್ತಿರ ಇದ್ದದ್ದು ಸಾಂತ್ವನ ಮತ್ತು ಬಿಲ್ಲು.

ಸ್ಕಾರ್ಲೆಟ್ ಜ್ವರ ಇನ್ನೂ ವಿಚಿತ್ರ. ಕಾರ್ಲೈಲ್‌ನಲ್ಲಿ ಚರ್ಚಿನ ದೊಡ್ಡ ಪಾದ್ರಿ ಆರ್ಚಿಬಾಲ್ಡ್ ಟೇಟ್, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದವರು. 1856ರ ಮಾರ್ಚ್ ಏಪ್ರಿಲ್‌ನಲ್ಲಿ ಅವರ ಐದು ಹೆಣ್ಣುಮಕ್ಕಳು ಸಾಲಾಗಿ ಆ ಜ್ವರಕ್ಕೆ ಹೋದರು. ದೊಡ್ಡ ಮನೆ, ಒಳ್ಳೆಯ ಊಟ, ಏನೂ ಕೈ ಹಿಡಿಯಲಿಲ್ಲ. 1870ರ ದಶಕದ ನಂತರ ಅದೇ ಜ್ವರ ಮೆತ್ತಗಾಗುತ್ತಾ ಹೋಯಿತು, ಯಾರೂ ಏನೂ ಮಾಡದೆ. ರೋಗಾಣುವಿನ ಬಲವೇ ಕುಗ್ಗಿತು ಅನ್ನುವುದು ಬಹಳ ಜನ ಒಪ್ಪುವ ವಿವರಣೆ.

ಅಜ್ಜಿಮನೆ_ಮಾಲತಿ
ಬಾಣಂತಿಯರು?

ರಿಟೈರ್ಡ್_ಡಾಕ್ಟ್ರು
ಅವರದ್ದು ಇಳಿಯಲೇ ಇಲ್ಲ ಅಮ್ಮ. ಸಾವಿರ ಹೆರಿಗೆಗೆ ನಾಲ್ಕೈದು ಸಾವು, ರಾಣಿಯ ಕಾಲ ಮುಗಿದರೂ ಹಾಗೇ. ಸೋಂಕು ತಡೆಯುವ ಸಲ್ಫಾ ಮಾತ್ರೆ ಬಂದ 1930ರ ದಶಕದ ನಡುವಿನವರೆಗೆ ಹಾಗೇ ಇತ್ತು.

ಮರ್ಸಿ_ದಂಡೆಯವಳು
ಕೂಸಿನ ಸಾವು ಕೊನೆಗೆ ಇಳಿದಿದ್ದು ಯಾವಾಗ?

ಅಂಕಿಗಾರ
1900 ದಾಟಿದ ಮೇಲೆ ಧಡಾರನೆ. 150ರ ಮೇಲೆ ಇದ್ದದ್ದು 1910ಕ್ಕೆ ಸುಮಾರು 105. 1911ರ ಬೇಸಿಗೆ ಸುಡುಬಿಸಿಲು, ಮತ್ತೆ 130ಕ್ಕೆ ಹಾರಿತು. ಅದರಿಂದಲೇ ಗೊತ್ತಾಗುತ್ತದೆ ಭೇದಿ, ನೊಣ, ಹಾಲು ಎಷ್ಟು ಮುಖ್ಯ ಅಂತ. ಲಿವರ್‌ಪೂಲ್ ಪಕ್ಕದ ಸೇಂಟ್ ಹೆಲೆನ್ಸ್‌ನಲ್ಲಿ 1899ರಲ್ಲಿ ಕೂಸುಗಳಿಗೆ ಕುದಿಸಿ ಶುದ್ಧ ಮಾಡಿದ ಹಾಲು ಕೊಡುವ ಕೇಂದ್ರ ತೆರೆದರು, ಲಿವರ್‌ಪೂಲ್‌ನಲ್ಲಿ 1901. 1902ರಲ್ಲಿ ಸೂಲಗಿತ್ತಿಯರ ಕಾಯ್ದೆ. ಜೊತೆಗೆ ಒಂದು ಮನೆಗೆ ಎಂಟು ಹತ್ತು ಮಕ್ಕಳಿದ್ದದ್ದು ಕಡಿಮೆಯಾಗಿತ್ತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಅಂಕ ಅಂತ ಕೇಳಿದರೆ ನಾನು ಹಾಲು ಮತ್ತು ಕಕ್ಕಸಿಗೆ ಕೊಡುತ್ತೇನೆ, ಹಾಲು ಕೇಂದ್ರಕ್ಕಲ್ಲ. ಕೇಂದ್ರಗಳಿಂದ ಹಾಲು ಸಿಕ್ಕ ಮಕ್ಕಳು ಒಟ್ಟು ಮಕ್ಕಳಲ್ಲಿ ಬಹಳ ಕಡಿಮೆ.

ಅಜ್ಜಿಮನೆ_ಮಾಲತಿ
ನೀವು ಮನೆ ಮನೆಗೆ ಹೋದ ಹೆಂಗಸರನ್ನು ಮತ್ತೆ ಬಿಟ್ಟಿರಿ. ಮ್ಯಾಂಚೆಸ್ಟರ್‌ನಲ್ಲಿ 1862ರಿಂದಲೇ ಅಂಥವರು ಓಡಾಡುತ್ತಿದ್ದರು. ಲಿವರ್‌ಪೂಲ್‌ನಲ್ಲಿ 1859ರಿಂದ ಮನೆಗೆ ಬರುವ ನರ್ಸುಗಳು. ಬ್ರೌನ್ಲೋ ಹಿಲ್‌ನ ಬಡವರ ಆಸ್ಪತ್ರೆಗೆ 1865ರಲ್ಲಿ 12 ನರ್ಸುಗಳನ್ನು ಕರೆದುಕೊಂಡು ಹೋದ ಆಗ್ನೆಸ್ ಜೋನ್ಸ್, 1868ರಲ್ಲಿ 35 ವರ್ಷಕ್ಕೆ ಟೈಫಸ್‌ನಿಂದ ಸತ್ತರು.

ಮರ್ಸಿ_ದಂಡೆಯವಳು
ಇಲ್ಲೇ ಕೆಲಸ ಮಾಡಿಕೊಂಡು ಈ ಹೆಸರೇ ಕೇಳಿರಲಿಲ್ಲ ಮೇಡಂ, ನಾಳೆ ನಮ್ಮ ವಾರ್ಡಿನಲ್ಲಿ ಹೇಳುತ್ತೇನೆ.

ಹುಬ್ಬಳ್ಳಿ_ಹೈದ
ಮುದುಕರದ್ದು ಯಾರೂ ಹೇಳಲಿಲ್ಲ. ಅವರ ಆಯಸ್ಸು ಜಾಸ್ತಿ ಆಯ್ತಾ?

ದಾಖಲೆ_ಹುಳು
ಹೆಚ್ಚೇನೂ ಇಲ್ಲ. ಇಳಿದದ್ದು ಮಕ್ಕಳು ಮತ್ತು ಯುವಕರ ಸಾವು. 45 ದಾಟಿದವರ ಸಾವಿನ ಪ್ರಮಾಣ ರಾಣಿಯ ಕಾಲದುದ್ದಕ್ಕೂ ಹೆಚ್ಚು ಕಡಿಮೆ ಅಲ್ಲೇ ನಿಂತಿತ್ತು. ಎದೆ ಕಾಯಿಲೆಯಂತೂ ಜಾಸ್ತಿಯೇ ಆಯಿತು, ಮನೆ ಮನೆಯಲ್ಲೂ ಕಲ್ಲಿದ್ದಲ ಒಲೆ. ಲಂಡನ್ನಿನಲ್ಲಿ 1873ರ ಡಿಸೆಂಬರ್‌ನಲ್ಲಿ ದನದ ಪ್ರದರ್ಶನ ನಡೆಯುವಾಗ ಹೊಗೆಮಂಜು ಕವಿದು, ಬಹುಮಾನಕ್ಕೆ ಬಂದ ದನಗಳೇ ಉಸಿರು ಕಟ್ಟಿ ಸತ್ತವು. ಕ್ಯಾನ್ಸರ್, ಹೃದಯದ ಕಾಯಿಲೆ ಕೂಡ ಪಟ್ಟಿಯಲ್ಲಿ ಏರುತ್ತಾ ಬಂದವು. ಅದರಲ್ಲಿ ನಿಜವಾಗಿ ಏರಿದ್ದೆಷ್ಟು, ಮೊದಲು "ಮುಪ್ಪು" ಅಂತ ಬರೆಯುತ್ತಿದ್ದವರು ಈಗ ಸರಿಯಾಗಿ ಬರೆದದ್ದೆಷ್ಟು ಅಂತ ಬಿಡಿಸುವುದು ಕಷ್ಟ.

ಸುಮ್ನೆ_ಓದುಗ
ದನ ಸತ್ತ ಮೇಲಾದರೂ ಹೊಗೆ ನಿಲ್ಲಿಸಿದರಾ?

ದಾಖಲೆ_ಹುಳು
1952ರಲ್ಲಿ ಸಾವಿರಾರು ಜನ ಸಾಯುವವರೆಗೆ ಇಲ್ಲ. ಕಾಯ್ದೆ ಬಂದಿದ್ದು 1956.